ಅಟ್ಟಸ್ವಾಧೀನ ಮೀಮಾಂಸೆ

ತೆಂಗಿನ ಸೀಮೆಯಲ್ಲಿ ತೋಟದ ಮನೆ ಕೊಂಡ ಬೆಂಗಳೂರಿನ ಹೂಡಿಕೆದಾರನಿಗೆ ಕ್ರಯಪತ್ರ ಸಿಗುತ್ತದೆ, ಖಾತೆ ಸಿಗುತ್ತದೆ, ಕಂದಾಯದ ರಸೀದಿ ಸಿಗುತ್ತದೆ, ಮನೆ ಮಾತ್ರ ಸಿಗುವುದಿಲ್ಲ. ಒಳಗೆ ಯಾರೋ ಇರುತ್ತಾರೆ. ಈ ವಿದ್ಯಮಾನಕ್ಕೆ ಪಂಡಿತವರ್ಗ, ಅಂದರೆ ವಕೀಲರು, ದಲ್ಲಾಳಿಗಳು ಮತ್ತು ತಾಲ್ಲೂಕು ಕಚೇರಿ ಎದುರಿನ ಟೀ ಅಂಗಡಿಯ ಬೆಂಚಿನಲ್ಲಿ ಖಾಯಂ ಕೂತಿರುವವರು, ಮೂರು ಕಾರಣ ಕೊಡುತ್ತ ಬಂದಿದ್ದಾರೆ. ಕಾನೂನು ಸಡಿಲ ಎನ್ನುವುದು ಒಂದು ಮತ. ಕಾಲ ಕೆಟ್ಟಿತು ಎನ್ನುವುದು ಇನ್ನೊಂದು. ನೋಡದೆ ಕೊಂಡವನದೇ ತಪ್ಪು ಎನ್ನುವುದು ಮೂರನೆಯದು. ಇದನ್ನು ಹೆಚ್ಚಾಗಿ ಆ ವ್ಯಾಪಾರ ಕುದುರಿಸಿದ ದಲ್ಲಾಳಿಯೇ ಹೇಳುತ್ತಾನೆ. ಈ ಮೂರು ಮತದವರಲ್ಲಿ ಒಬ್ಬರೂ ನಡುಮನೆಯಲ್ಲಿ ನಿಂತು ತಲೆ ಎತ್ತಿ ನೋಡಿದವರಲ್ಲ. ಪ್ರಸ್ತುತ ಪ್ರಬಂಧದ ಪ್ರತಿಜ್ಞೆ ಇಷ್ಟೆ: ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳಲ್ಲಿ ಮನೆಯ ಸ್ವಾಧೀನ ನೆಲದ ಮೇಲಿಲ್ಲ, ಅಟ್ಟದ ಮೇಲಿದೆ. ಅಟ್ಟದಲ್ಲಿ ಯಾರ ಕಾಯಿ ಒಣಗುತ್ತಿದೆಯೋ ಅವರೇ ಮನೆಯಲ್ಲಿರುತ್ತಾರೆ. ಅಟ್ಟ ಬರಿದಾಗದೆ ಮನೆ ಬರಿದಾಗದು. ಅಟ್ಟವಂತೂ ಎಂದೂ ಬರಿದಾಗುವುದಿಲ್ಲ.

ಮೊದಲು ಹೂಡಿಕೆದಾರನೆಂಬ ಪದಾರ್ಥದ ಉತ್ಪತ್ತಿಯನ್ನು ವಿಚಾರಿಸೋಣ. ಇವನು ಈ ಸೀಮೆಯ ಹಳೆಯ ತಳಿಯಲ್ಲ. 1961ರ ಕರ್ನಾಟಕ ಭೂ ಸುಧಾರಣಾ ಕಾಯ್ದೆಯ 79ಎ, 79ಬಿ ಕಲಂಗಳು ಬೇಸಾಯಗಾರರಲ್ಲದವರು ಸಾಗುವಳಿ ಜಮೀನು ಕೊಳ್ಳದಂತೆ ಬೇಲಿ ಹಾಕಿದ್ದವು. 2020ರ ತಿದ್ದುಪಡಿ ಆ ಬೇಲಿಯನ್ನು ಬೇರುಸಮೇತ ಕಿತ್ತಿತು. ಬಿ.ಎಚ್. ರಸ್ತೆ ಅಗಲವಾಗುತ್ತದೆಂಬ ಸುದ್ದಿ, ವಾರಕ್ಕೊಮ್ಮೆ ಬಂದು ಎಳನೀರು ಕುಡಿಯುವ ಆಸೆ, ಹತ್ತು ವರ್ಷದಲ್ಲಿ ನಾಲ್ಕು ಪಟ್ಟಾಗುತ್ತದೆಂಬ ಭರವಸೆ ಇವು ಮೂರೂ ಸೇರಿದಲ್ಲಿ ಹೂಡಿಕೆದಾರ ಹುಟ್ಟುತ್ತಾನೆ. ಅವನು ಜಾಗರೂಕ. ಪಹಣಿ ತೆಗೆಸುತ್ತಾನೆ, ಇ.ಸಿ. ತೆಗೆಸುತ್ತಾನೆ, ಮ್ಯುಟೇಷನ್ ನೋಡುತ್ತಾನೆ. ಆದರೆ ಇ.ಸಿ.ಯಲ್ಲಿ ಬರುವುದು ನೋಂದಣಿಯಾದ ವ್ಯವಹಾರ. ಜಗಲಿಯ ಮೇಲೆ ಬೀಡಿ ಸೇದುತ್ತ ಕೂತವನು ಯಾವ ಉಪನೋಂದಣಾಧಿಕಾರಿ ಕಚೇರಿಯಲ್ಲೂ ನೋಂದಣಿಯಾದವನಲ್ಲ. ಅವನು ಹಿಂದಿನ ಮಾಲೀಕರ ತೋಟ ನೋಡಿಕೊಳ್ಳಲು ಬಂದವನಿರಬಹುದು, ಹಿಂದಿನ ಮಾಲೀಕರಿಗೆ ಭೋಗ್ಯದ ದುಡ್ಡು ಕೊಟ್ಟು ಕೂತವನಿರಬಹುದು, ಅಥವಾ ಸಹಿ ಕೇಳದೆ ಬಿಟ್ಟ ಅವರ ತಮ್ಮನೇ ಇರಬಹುದು. ಪ್ರಬಂಧದ ಮಟ್ಟಿಗೆ ಮೂವರೂ ಒಂದೇ, ಏಕೆಂದರೆ ಮೂವರೂ ಹೋಗುವುದಿಲ್ಲ.

ಕ್ರಯಪತ್ರವೆಂಬ ಪಠ್ಯವನ್ನೂ ಇಲ್ಲಿ ಸೂಕ್ಷ್ಮವಾಗಿ ಓದಬೇಕು. ಅದರಲ್ಲಿ ನಾಲ್ಕು ದಿಕ್ಕಿನ ಚೆಕ್ಕುಬಂದಿ ಇರುತ್ತದೆ: ಪೂರ್ವಕ್ಕೆ ಓಣಿ, ಪಶ್ಚಿಮಕ್ಕೆ ಮತ್ತೊಬ್ಬರ ತೋಟ, ಉತ್ತರಕ್ಕೆ ಹಳ್ಳ, ದಕ್ಷಿಣಕ್ಕೆ ಇದೇ ನಂಬರಿನಲ್ಲಿ ಉಳಿದ ಜಮೀನು. ಒಳಕ್ಕೆ ಮತ್ತು ಮೇಲಕ್ಕೆ ಎಂಬ ಎರಡು ದಿಕ್ಕುಗಳು ಮಾತ್ರ ದಸ್ತಾವೇಜು ಬರಹಗಾರರಿಗೆ ಈವರೆಗೆ ಹೊಳೆದಿಲ್ಲ. ಹೊಯ್ಸಳರ ಕಾಲದ ಶಾಸನದಿಂದ ಇಂದಿನ ಛಾಪಾ ಕಾಗದದವರೆಗೆ ಬದಲಾಗದೆ ಬಂದಿರುವ ಅಷ್ಟಭೋಗಗಳನ್ನು, ಅಂದರೆ ನಿಧಿ, ನಿಕ್ಷೇಪ, ಜಲ, ಪಾಷಾಣ, ಅಕ್ಷೀಣ, ಆಗಾಮಿ, ಸಿದ್ಧ, ಸಾಧ್ಯಗಳನ್ನು, ಹೂಡಿಕೆದಾರನಿಗೆ ಭದ್ರವಾಗಿ ಬರೆದುಕೊಡಲಾಗುತ್ತದೆ. ಒಳಗಿರುವ ಸಂಸಾರವನ್ನು ಈ ಎಂಟರಲ್ಲಿ ಯಾವುದರಡಿ ಸೇರಿಸಬೇಕು ಎಂಬ ಬಗ್ಗೆ ಭಿನ್ನಮತವಿದೆ. ಹಿಂದಿನ ಮಾಲೀಕರು ಇಟ್ಟುಹೋದದ್ದರಿಂದ ನಿಕ್ಷೇಪ ಎನ್ನಬಹುದು. ಆದರೆ ಮಗಳು ಬಾಣಂತನಕ್ಕೆ ಬಂದಮೇಲೆ ಆಗಾಮಿ ಎಂದೂ, ಅಳಿಯನೂ ಅಲ್ಲೇ ನಿಂತಮೇಲೆ ಅಕ್ಷೀಣ ಎಂದೂ ವರ್ಗೀಕರಿಸುವುದು ಶಾಸ್ತ್ರಕ್ಕೆ ಹೆಚ್ಚು ಸಮ್ಮತ.

ಇನ್ನು ಅಟ್ಟದ ವಿಚಾರ. ಬೇರೆ ಸೀಮೆಯವರು ಅಟ್ಟವೆಂದರೆ ಮುರಿದ ತೊಟ್ಟಿಲು, ಹಳೆ ಕೊಡಪಾನ ಇಡುವ ಜಾಗ ಎಂದುಕೊಂಡಿದ್ದಾರೆ. ತಿಪಟೂರಿನ ಉಂಡೆ ಕೊಬ್ಬರಿಗೆ ಅಟ್ಟವೇ ಕಾರ್ಖಾನೆ. ಬಲಿತ ಕಾಯನ್ನು ಸುಲಿಯದೆ ಅಟ್ಟಕ್ಕೆ ಹಾಕುತ್ತಾರೆ; ಒಳಗಿನ ನೀರು ತಾನಾಗಿ ಇಂಗಿ, ಕೊಬ್ಬರಿ ಚಿಪ್ಪನ್ನು ಬಿಟ್ಟು, ಅಲ್ಲಾಡಿಸಿದರೆ ಗಡಗಡ ಎನ್ನುವ ಹೊತ್ತಿಗೆ ಹತ್ತು ಹನ್ನೊಂದು ತಿಂಗಳು ಕಳೆದಿರುತ್ತದೆ. ಅವಸರಪಟ್ಟು ಮೊದಲೇ ಒಡೆದರೆ ಉಂಡೆ ಸಿಗುವುದಿಲ್ಲ, ಹೋಳು ಸಿಗುತ್ತದೆ, ಬೆಲೆ ಬೀಳುತ್ತದೆ. ಹೂಡಿಕೆದಾರನ ಮೊದಲ ನೋಟೀಸಿಗೆ ಬರುವ ಉತ್ತರದ ವೈಜ್ಞಾನಿಕ ತಳಹದಿ ಇದು: "ಕಾಯಿ ಇಳುಸ್ಬುಟ್ಟು ಖಾಲಿ ಮಾಡ್ತೀವಿ ಕಣ್ ಸ್ವಾಮಿ." ಈ ಮಾತಿನಲ್ಲಿ ಸುಳ್ಳಿಲ್ಲ ಎಂಬುದನ್ನು ಒತ್ತಿ ಹೇಳಬೇಕಾಗಿದೆ. ತೊಡಕಿರುವುದು ಮರದ ಸ್ವಭಾವದಲ್ಲಿ. ತೆಂಗು ತಿಂಗಳಿಗೊಂದು ಹೊಂಬಾಳೆ ಬಿಡುತ್ತದೆ, ವರ್ಷದಲ್ಲಿ ಹಲವು ಸಲ ಕೊಯ್ಲಾಗುತ್ತದೆ. ಹೋದ ವರ್ಷದ ಕಾಯಿ ಒಂದು ಮೂಲೆಯಿಂದ ಇಳಿಯುವ ಮುಂಚೆ ಇನ್ನೊಂದು ಮೂಲೆಗೆ ಈ ವರ್ಷದ್ದು ಏರಿರುತ್ತದೆ. ಹೀಗೆ 'ಕಾಯಿ ಇಳಿಸಿದ ಮೇಲೆ' ಎಂಬ ಗಡುವು ಪ್ರತಿ ಕಾಯಿಗೂ ಪ್ರತ್ಯೇಕವಾಗಿ ನಿಜ, ಅಟ್ಟಕ್ಕೆ ಒಟ್ಟಾಗಿ ಎಂದಿಗೂ ನಿಜವಲ್ಲ. ನ್ಯಾಯಶಾಸ್ತ್ರದ ಪಂಡಿತರು ಇದನ್ನು ಗಮನಿಸಬೇಕಿತ್ತು.

ಕಾಯಿ ಒಣಗಿದರೂ ಇಳಿಸಲೇಬೇಕೆಂದಿಲ್ಲ. ಉಂಡೆ ಕೊಬ್ಬರಿಗೆ ಕೇಂದ್ರ ಸರ್ಕಾರ 2024ರ ಹಂಗಾಮಿಗೆ ಕ್ವಿಂಟಲಿಗೆ 12,000 ರೂಪಾಯಿ, 2025ಕ್ಕೆ 12,100 ರೂಪಾಯಿ ಬೆಂಬಲ ಬೆಲೆ ಗೊತ್ತುಮಾಡಿತು. ಎಪಿಎಂಸಿಯಲ್ಲಿ ಬೆಲೆ ಅದಕ್ಕಿಂತ ಕೆಳಗಿದ್ದರೆ ನಾಫೆಡ್ ಬರಲಿ ಎಂದು ಕಾಯಬೇಕು. ಮೇಲಿದ್ದರೆ ಇನ್ನೂ ಏರಲಿ ಎಂದು ಕಾಯಬೇಕು. ಅಷ್ಟಕ್ಕೇ ನಿಂತರೆ ಏನೋ ಆಗುವುದಿದೆ ಎಂದು ಕಾಯಬೇಕು. ಕಾಯದೆ ಇರಬಹುದಾದ ನಾಲ್ಕನೆಯ ಸ್ಥಿತಿಯನ್ನು ಅರ್ಥಶಾಸ್ತ್ರ ಇನ್ನೂ ಕಂಡುಹಿಡಿದಿಲ್ಲ.

ಈಗ ಕಾನೂನಿನ ಪಂಚಾಂಗವನ್ನು ತೆಂಗಿನ ಪಂಚಾಂಗದ ಪಕ್ಕದಲ್ಲಿಟ್ಟು ನೋಡಿದರೆ ಪ್ರಬಂಧದ ಮುಖ್ಯ ಸಂಶೋಧನೆ ಎದ್ದು ಕಾಣುತ್ತದೆ. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 106ನೇ ಕಲಂ ಪ್ರಕಾರ ತಿಂಗಳ ಬಾಡಿಗೆಯವರನ್ನು ಬಿಡಿಸಲು 15 ದಿನದ ನೋಟೀಸು ಸಾಕು. ಹದಿನೈದು ದಿನದಲ್ಲಿ ಅಟ್ಟದ ಕಾಯಿಗೆ ತಾನು ಅಟ್ಟದಲ್ಲಿದ್ದೇನೆಂಬುದೇ ತಿಳಿದಿರುವುದಿಲ್ಲ. ಇನ್ನೊಂದು ತುದಿಯಲ್ಲಿ 1963ರ ಕಾಲಪರಿಮಿತಿ ಕಾಯ್ದೆಯ 65ನೇ ಅನುಚ್ಛೇದವಿದೆ: ಬೇರೆಯವರ ಸ್ವತ್ತಿನಲ್ಲಿ ತನ್ನದೆಂದೇ ಬಹಿರಂಗವಾಗಿ, ಮಾಲೀಕನಿಗೆ ವಿರುದ್ಧವಾಗಿ, ಎಡೆಬಿಡದೆ 12 ವರ್ಷ ಕೂತರೆ ಮಾಲೀಕನ ಹಕ್ಕೇ ಅಳಿಯುತ್ತದೆ. ಹನ್ನೆರಡೇ ಏಕೆ? ಹೊಂಬಾಳೆ ಒಡೆದು ಕಾಯಿ ಬಲಿಯಲು ಹನ್ನೆರಡು ತಿಂಗಳು, ಅಟ್ಟದಲ್ಲಿ ಹನ್ನೊಂದು, ಸುಲಿದು ಒಡೆದು ಮಾರ್ಕೆಟ್ಟಿಗೆ ಹಾಕಲು ಒಂದು. ಒಟ್ಟು ಎರಡು ವರ್ಷ. ಅಂದರೆ ಶಾಸನದ ಕಾಲಪರಿಮಿತಿ ಒಂದರ ಹಿಂದೊಂದು ಕಟ್ಟಿದ ಸರಿಯಾಗಿ ಆರು ಕಾಯಿ. 2008ರಲ್ಲಿ ಸುಪ್ರೀಂ ಕೋರ್ಟು ಈ ಪ್ರತಿಕೂಲ ಸ್ವಾಧೀನದ ಕಾನೂನು ತರ್ಕಕ್ಕೆ ನಿಲ್ಲುವುದಿಲ್ಲ, ಮರುಪರಿಶೀಲಿಸಿ ಎಂದು ಕೇಂದ್ರಕ್ಕೆ ಹೇಳಿತು. 2023ರಲ್ಲಿ ಕಾನೂನು ಆಯೋಗ ತನ್ನ 280ನೇ ವರದಿಯಲ್ಲಿ ಅವಧಿ ಹೆಚ್ಚಿಸಲು ಕಾರಣ ಕಾಣುತ್ತಿಲ್ಲ ಎಂದು ಉತ್ತರಿಸಿತು. ನಡುವೆ ಹದಿನೈದು ವರ್ಷ. ಹನ್ನೆರಡು ವರ್ಷ ಕಡಿಮೆಯಾಯಿತೇ ಎಂಬ ಚರ್ಚೆಗೇ ಏಳೂವರೆ ಕಾಯಿ ಹಿಡಿದಿದೆ.

ಈ ಅವಧಿಯನ್ನು ಅಳೆಯಲು ಸಾಕ್ಷಿಗಳನ್ನು ಕಟಕಟೆಗೆ ಕರೆಸುವ ಅಗತ್ಯವೂ ತೆಂಗಿನ ಸೀಮೆಯಲ್ಲಿಲ್ಲ. ಮರ ವರ್ಷಕ್ಕೆ ಸುಮಾರು ಹನ್ನೆರಡು ಗರಿ ಬಿಡುತ್ತದೆ. ಗರಿ ಉದುರಿದ ಜಾಗದಲ್ಲಿ ಕಾಂಡದ ಮೇಲೆ ಉಂಗುರದಂಥ ಗುರುತು ಉಳಿಯುತ್ತದೆ. ಒಳಗಿರುವವರು ಬಂದ ವರ್ಷ ನೆಟ್ಟ ಸಸಿಯ ಮುಂದೆ ಕೋರ್ಟ್ ಕಮಿಷನರನ್ನು ನಿಲ್ಲಿಸಿ ಉಂಗುರ ಎಣಿಸಿದರೆ ದಾವೆ ಅವಧಿಯೊಳಗಿದೆಯೋ ಇಲ್ಲವೋ ತಿಳಿಯುತ್ತದೆ. ಬುಡದ ಮೊದಲ ಕೆಲವು ವರ್ಷಗಳ ಲೆಕ್ಕ ನೆಲದೊಳಗೇ ಮುಚ್ಚಿಹೋಗಿರುತ್ತದೆ ಎಂಬ ಕೊರತೆಯಿದೆ ನಿಜ. ಆದರೆ ಪೌತಿ ಖಾತೆಯ ಕಡತಗಳಲ್ಲೂ ಅಷ್ಟು ಕೊರತೆ ಇದ್ದೇ ಇರುತ್ತದೆ.

ನಮ್ಮ ಹಿರಿಯರಿಗೆ ಇದೆಲ್ಲ ತಿಳಿದಿತ್ತು. ಮಾಲೀಕ ಕಣ್ಣಾರೆ ಕಾಣುತ್ತ ಮಾತಾಡದೆ ಕೂತರೆ, ಇನ್ನೊಬ್ಬರು ಅನುಭವಿಸುತ್ತಿರುವ ಭೂಮಿ ಇಪ್ಪತ್ತು ವರ್ಷಕ್ಕೆ ನಷ್ಟವಾಗುತ್ತದೆ ಎಂದು ಯಾಜ್ಞವಲ್ಕ್ಯ ಸ್ಮೃತಿ ಹೇಳುತ್ತದೆ. ಅದಕ್ಕೆ ಕಲ್ಯಾಣದಲ್ಲಿ, ಆರನೇ ವಿಕ್ರಮಾದಿತ್ಯನ ಕಾಲದಲ್ಲಿ, ಮಿತಾಕ್ಷರ ಬರೆದ ವಿಜ್ಞಾನೇಶ್ವರ ಒಂದು ತಿದ್ದುಪಡಿ ತಂದ: ನಷ್ಟವಾಗುವುದು ಭೂಮಿಯಲ್ಲ, ಅದರ ಫಲ. ಭೂಮಿ ಮಾಲೀಕನದೇ, ಅಷ್ಟು ಕಾಲ ಉಂಡ ಫಲವನ್ನು ಮಾತ್ರ ವಾಪಸು ಕೇಳುವಂತಿಲ್ಲ. ಧರ್ಮಶಾಸ್ತ್ರದ ಇತಿಹಾಸಕಾರರು ಇದನ್ನು ಮಾಲೀಕನ ಪರವಾದ ವ್ಯಾಖ್ಯಾನವೆಂದು ಹೊಗಳುತ್ತಾರೆ. ಅವರು ತಿಪಟೂರಿಗೆ ಬಂದವರಲ್ಲವೆಂದು ತೋರುತ್ತದೆ. ಫಲ ಕಳೆದ ಮೇಲೆ ತೆಂಗಿನ ತೋಟದಲ್ಲಿ ಉಳಿಯುವುದೇನು? ನೆರಳು, ಅದೂ ಚೂರು ಚೂರು. ಒಂಬೈನೂರು ವರ್ಷ ಮೊದಲೇ ವಿಜ್ಞಾನೇಶ್ವರ ಹೂಡಿಕೆದಾರನ ಇಂದಿನ ಸ್ಥಿತಿಯನ್ನು ಚಾಚೂ ತಪ್ಪದೆ ವರ್ಣಿಸಿದ್ದಾನೆ: ಕಾಗದ ಇವನದು, ಕಾಯಿ ಅವರದು. ಶಿಕ್ಷೆಯ ವಿಷಯದಲ್ಲಿ ಮಾತ್ರ ಹಿಂದಿನವರು ಖಡಕ್. ದಾನಶಾಸನಗಳ ಕೊನೆಯ ಶಾಪಶ್ಲೋಕದ ಪ್ರಕಾರ ಕೊಟ್ಟ ಭೂಮಿಯನ್ನು ಕಿತ್ತುಕೊಂಡವನು ಅರವತ್ತು ಸಾವಿರ ವರ್ಷ ಅಮೇಧ್ಯದ ಹುಳುವಾಗಿ ಹುಟ್ಟುತ್ತಾನೆ. ಅರವತ್ತು ಸಾವಿರದಿಂದ ಹನ್ನೆರಡಕ್ಕೆ ಇಳಿದದ್ದು ಆಧುನಿಕ ಶಾಸನದ ಔದಾರ್ಯ. ತೆಂಗಿಗೆ ಬೀಳುವ ಕಪ್ಪು ತಲೆ ಹುಳು ಇಂಥ ಪುನರ್ಜನ್ಮವೇ ಎಂಬ ಪ್ರಶ್ನೆಯನ್ನು ತೋಟಗಾರಿಕೆ ಇಲಾಖೆಗೆ ಬಿಡುತ್ತೇವೆ. ಗರಿಯ ಅಡಿಯಲ್ಲಿ ಗೂಡು ಕಟ್ಟಿ ಕೂತು ಹಸಿರು ತಿನ್ನುವ ಅದರ ಬದುಕು ಅನುಮಾನಕ್ಕೆ ಎಡೆಕೊಡುವಂತಿದೆ, ಅಷ್ಟೆ.

ಇಲ್ಲಿ ಪೂರ್ವಪಕ್ಷದವರು ಎದ್ದು ನಿಲ್ಲುತ್ತಾರೆ. ಬೀಗ ಒಡೆದು, ಸಾಮಾನು ಹೊರಗಿಟ್ಟು, ಕರೆಂಟು ಕೀಳಿಸಿದರೆ ಮುಗಿಯಿತಲ್ಲ, ಇದಕ್ಕೆ ಮೀಮಾಂಸೆ ಏಕೆ? ಏಕೆಂದರೆ 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಕಲಂ ಇದೆ. ಕಾನೂನಿನ ದಾರಿ ಬಿಟ್ಟು ಹೊರದಬ್ಬಿಸಿಕೊಂಡವನು ಆರು ತಿಂಗಳೊಳಗೆ ದಾವೆ ಹಾಕಿದರೆ, ಮಾಲೀಕ ಯಾರೆಂದು ಕೇಳದೆಯೇ, ಅವನನ್ನು ಮತ್ತೆ ಒಳಗೆ ಕೂರಿಸುತ್ತಾರೆ. ಆರು ತಿಂಗಳೆಂದರೆ ಅಟ್ಟಕ್ಕೆ ಹಾಕಿದ ಕಾಯಿ ಅರ್ಧ ಒಣಗಿರುವ ಕಾಲ. ಅದನ್ನು ನೋಡಿಕೊಳ್ಳಲಾದರೂ ಅವನು ಬರಲೇಬೇಕಲ್ಲ. ಪೊಲೀಸರಾದರೋ "ಸಿವಿಲ್ ಮ್ಯಾಟರ್ರು ಸಾರ್" ಎಂಬ ಮೂರು ಪದದ ಸೂತ್ರದಲ್ಲಿ ನೆಲೆಸಿದ್ದಾರೆ. ಪೂರ್ವಪಕ್ಷದ ಎರಡನೆಯ ಬಾಣ ಇನ್ನೂ ಚೂಪು: ಕಾವಲುಗಾರ, ಆಳು, ನೋಡಿಕೊಳ್ಳಲು ಇಟ್ಟವನು ಎಷ್ಟು ಕಾಲ ಇದ್ದರೂ ಸ್ವತ್ತಿನಲ್ಲಿ ಹಕ್ಕು ಪಡೆಯುವುದಿಲ್ಲ ಎಂದು ಸುಪ್ರೀಂ ಕೋರ್ಟು 2012ರಲ್ಲಿ ಗೋವಾದ ಮನೆಯೊಂದರ ಪ್ರಕರಣದಲ್ಲಿ ಸ್ಪಷ್ಟ ಹೇಳಿದೆಯಲ್ಲ? ಹೇಳಿದೆ, ತೀರ್ಪು ನಿರ್ದುಷ್ಟವಾಗಿದೆ. ಹಕ್ಕು ಪಡೆಯುವುದಿಲ್ಲ ಎಂಬುದು ನ್ಯಾಯಶಾಸ್ತ್ರದ ಮಾತು, ಹೋಗುತ್ತಾನೆ ಎಂಬುದು ಚಲನಶಾಸ್ತ್ರದ ಮಾತು. ಮೊದಲನೆಯದರಿಂದ ಎರಡನೆಯದು ಸಿದ್ಧಿಸುವುದಿಲ್ಲ.

ಮೂರನೆಯ ಆಕ್ಷೇಪ ಒಳಗಿರುವವರ ಕಡೆಯಿಂದ ಬರುತ್ತದೆ. 1974ರಲ್ಲಿ ಉಳುವವನೇ ಹೊಲದೊಡೆಯ ಎಂದಾಯಿತು, ಭೂ ಸುಧಾರಣಾ ಕಾಯ್ದೆಗೆ 38ಎ ಕಲಂ ಸೇರಿದಾಗ ವಾಸಿಸುವವನೇ ಮನೆಯೊಡೆಯ ಎಂದಾಯಿತು, ಹಾಗಾದರೆ ವಾಸಿಸುತ್ತಿರುವ ನಾವು ಯಾರು? ಇಲ್ಲಿ ತಮಾಷೆ ಬಿಟ್ಟು ಒಂದು ಮಾತು ಹೇಳಬೇಕು. ಆ ಕಲಂ ಬಂದದ್ದು ಗೊಲ್ಲರಹಟ್ಟಿ, ಲಂಬಾಣಿ ತಾಂಡಾ, ಹಾಡಿಗಳಲ್ಲಿ ತಲೆಮಾರುಗಟ್ಟಲೆ ಬದುಕಿಯೂ ಕಾಲಕೆಳಗಿನ ನೆಲಕ್ಕೊಂದು ಕಾಗದವಿಲ್ಲದವರಿಗಾಗಿ. ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ಹಟ್ಟಿಗಳನ್ನು ನೋಡಿದವರು ಅದು ತಡವಾಯಿತೆಂದು ಹೇಳಿಯಾರೇ ಹೊರತು ಬೇಡವಿತ್ತೆನ್ನಲಾರರು. ಸರ್ಕಾರಿ ಜಾಗದಲ್ಲಿ ಮನೆ ಕಟ್ಟಿಕೊಂಡ ಬಡವರ 94ಸಿ ಅರ್ಜಿಯ ಮಾತೂ ಅಷ್ಟೆ. ಊರಲ್ಲಿ ಸ್ವಂತ ಮನೆ ಬಾಡಿಗೆಗೆ ಬಿಟ್ಟು, ಎರಡೆಕರೆ ತೋಟವೂ ಇದ್ದು, ಪರರ ಅಟ್ಟದಲ್ಲಿ ಕಾಯಿ ಒಣಗಿಸುವವನು ಅದೇ ಘೋಷಣೆ ಕೂಗಿದಾಗ ಮಾತ್ರ ಈ ಪ್ರಬಂಧ ಕಿವಿಯ ಮೇಲೆ ಕೈಯಿಟ್ಟುಕೊಳ್ಳುತ್ತದೆ. ಹಾಗೆಂದು ಹೂಡಿಕೆದಾರನ ಮೇಲೆ ಅದಕ್ಕೆ ಉಕ್ಕಿ ಬರುವ ಕರುಣೆಯೂ ಇಲ್ಲ. ಜನ ಇದ್ದಾರೆಂದು ನಂಟರಿಷ್ಟರು ಎಚ್ಚರಿಸಿದಾಗ, ಅದಕ್ಕೇ ಅಗ್ಗಕ್ಕೆ ಸಿಕ್ಕಿತು ಎಂದು ಬೀಗಿದವನು ಅವನೇ.

ಎಳನೀರಿನ ಆಕ್ಷೇಪವೂ ಒಂದಿದೆ. ಏಳನೇ ತಿಂಗಳಿಗೇ ಎಳನೀರು ಕೊಯ್ದು ಮದ್ದೂರಿನ ಮಾರ್ಕೆಟ್ಟಿಗೆ ಕಳಿಸುವ ಕಡೆ ಅಟ್ಟದ ಪ್ರಶ್ನೆಯೇ ಇಲ್ಲ. ಈ ಸಿದ್ಧಾಂತ ನಿಜವಾದರೆ ಅಲ್ಲಿ ಮನೆ ಬಿಡಿಸುವುದು ಸುಲಭವಾಗಬೇಕಿತ್ತು, ಆಗಿಲ್ಲವಲ್ಲ? ಮದ್ದೂರು ಈ ಪ್ರಬಂಧದ ವ್ಯಾಪ್ತಿಗೆ ಬರುವುದಿಲ್ಲ.

ಇಷ್ಟಾದ ಮೇಲೂ ಹೂಡಿಕೆದಾರ ದಾವೆ ಹೂಡಿ ಗೆದ್ದನೆನ್ನೋಣ. ಗೆದ್ದವನು ಸೋತ, ಸೋತವನು ಸತ್ತ ಎಂಬ ನಮ್ಮ ಗಾದೆಯ ಪೂರ್ವಾರ್ಧವನ್ನು 1872ರಲ್ಲೇ ಲಂಡನ್ನಿನ ಪ್ರಿವಿ ಕೌನ್ಸಿಲ್ ಎತ್ತಿಹಿಡಿದಿದೆ: ಇಂಡಿಯಾದ ಕಕ್ಷಿದಾರನ ಕಷ್ಟ ಶುರುವಾಗುವುದೇ ಡಿಕ್ರಿ ಕೈಗೆ ಬಂದ ಮೇಲೆ ಎಂಬುದು ಅದರ ಅಭಿಪ್ರಾಯ. ಡಿಕ್ರಿಯನ್ನು ಅಮಲ್ಜಾರಿ ಮಾಡಿಸಲು ಕಾಯ್ದೆ ಕೊಟ್ಟಿರುವ ಅವಧಿ ಮತ್ತೆ 12 ವರ್ಷ, ಅಂದರೆ ಇನ್ನಾರು ಕಾಯಿ. ಅಮೀನ ಬಾಗಿಲಿಗೆ ಬಂದ ದಿನ ಒಳಗಿನಿಂದ ಈವರೆಗೆ ಯಾರೂ ನೋಡಿರದ ಭಾವಮೈದ ಹೊರಬಂದು ತಡೆಯೊಡ್ಡುತ್ತಾನೆ. ಸಿವಿಲ್ ಪ್ರಕ್ರಿಯಾ ಸಂಹಿತೆಯ 21ನೇ ಆದೇಶದ 97ನೇ ನಿಯಮದಡಿ ಅವನ ಹಕ್ಕನ್ನೂ ವಿಚಾರಿಸಬೇಕು, ಆ ತೀರ್ಮಾನದ ಮೇಲೆ ಡಿಕ್ರಿಯಂತೆಯೇ ಅಪೀಲೂ ಉಂಟು. ಬೆಂಗಳೂರಿನ ಮೈಸೂರು ರಸ್ತೆಯ ಆಸ್ತಿಯೊಂದರ ದೀರ್ಘ ಜಗಳ ನೋಡಿ ಬೇಸತ್ತ ಸುಪ್ರೀಂ ಕೋರ್ಟು 2021ರ ಏಪ್ರಿಲ್‌ನಲ್ಲಿ, ಅಮಲ್ಜಾರಿ ಅರ್ಜಿಗಳನ್ನು ಆರು ತಿಂಗಳಲ್ಲಿ ಮುಗಿಸಿ ಎಂದು ಆದೇಶಿಸಿತು. 2025ರಲ್ಲಿ ದೇಶದ ಲೆಕ್ಕ ತರಿಸಿ ನೋಡಿದಾಗ ಬಾಕಿ ಇದ್ದವು ಎಂಟು ಲಕ್ಷಕ್ಕೂ ಮಿಕ್ಕು.

ಲೋಕ ಅದಾಲತ್‌ನಲ್ಲಿ ರಾಜಿಯಾಗಿ ಒಂದಿಷ್ಟು ದುಡ್ಡು ಕೊಟ್ಟು ಬಿಡಿಸಿಕೊಳ್ಳುವುದೇ ಜಾಣತನವೆಂದು ವ್ಯವಹಾರಸ್ಥರು ಹೇಳುತ್ತಾರೆ. ಅದು ನಡೆಯುವ ಮಾತು, ಆದ್ದರಿಂದಲೇ ಸಿದ್ಧಾಂತಕ್ಕೆ ಉಪಯೋಗವಿಲ್ಲ. ಪ್ರಸ್ತುತ ಪ್ರಬಂಧದ ಶಿಫಾರಸು ಶಾಸನಬದ್ಧವಾದದ್ದು. ಕಾಲಪರಿಮಿತಿ ಕಾಯ್ದೆಯ ಅನುಸೂಚಿಯಲ್ಲಿ ಮೂರು ಅಂಕಣಗಳಿವೆ: ದಾವೆ ಯಾವುದು, ಅವಧಿ ಎಷ್ಟು, ಅವಧಿ ಯಾವಾಗಿನಿಂದ ಶುರು. ತುಮಕೂರು ಜಿಲ್ಲೆಯ ಈ ಮೂರು ತಾಲ್ಲೂಕುಗಳ ಮಟ್ಟಿಗೆ ಮೂರನೆಯ ಅಂಕಣದಲ್ಲಿ 'ಅಟ್ಟದ ಕೊನೆಯ ಕಾಯಿ ಇಳಿದ ದಿನದಿಂದ' ಎಂದು ಸೇರಿಸಿದರೆ ಒಳಗಿರುವವರ ಹನ್ನೆರಡು ವರ್ಷ ಎಂದೂ ಶುರುವೇ ಆಗುವುದಿಲ್ಲ, ಹೂಡಿಕೆದಾರನ ಹಕ್ಕು ಅಜರಾಮರವಾಗುತ್ತದೆ, ಒಳಗಿರುವವರೂ ಏಳಬೇಕಾಗಿಲ್ಲ. ಉಳಿಯುವುದು ಕಾರ್ಯವಿಧಾನದ ಒಂದು ಆಕ್ಷೇಪ. ಅಟ್ಟ ಬರಿದಾಗಿದೆಯೋ ಇಲ್ಲವೋ ಎಂದು ಅಮೀನ ವರದಿ ಕೊಡಬೇಕು, ಅದಕ್ಕೆ ಅಟ್ಟ ಹತ್ತಬೇಕು, ಹತ್ತಲು ಏಣಿ ಬೇಕು. ಏಣಿ ಚರ ಸ್ವತ್ತಾದ್ದರಿಂದ ಕ್ರಯಪತ್ರದ ಷೆಡ್ಯೂಲಿನಲ್ಲಿ ಸೇರಿಲ್ಲ. ಅದು ಒಳಗಿರುವವರದು, ಮತ್ತು ಸದ್ಯಕ್ಕೆ ಪಕ್ಕದ ತೋಟದವರು ಈಸಿಕೊಂಡು ಹೋಗಿದ್ದಾರೆ.