ಬೇರಿಂಗ ಕಾಕಾ

ಹನುಮಸಾಗರದಲ್ಲಿ ಕಾರು ಇಟ್ಟವರಿಗೆಲ್ಲ ಬೇರಿಂಗ ಕಾಕಾ ಗೊತ್ತು. ಅವರಿಗೆ ಸ್ವಂತ ಕಾರಿಲ್ಲ, ಓಡಿಸಲೂ ಬರುವುದಿಲ್ಲ. ಆದರೆ ಯಾರ ಗಾಡಿ ಕುಷ್ಟಗಿಗೋ ಇಳಕಲ್ಲಿಗೋ ಹೊರಟರೂ ಮುಂದಿನ ಎಡಗಡೆಯ ಸೀಟು ಅವರದೇ. ಮದುವೆಯ ಗಾಡಿಯಾದರೆ ಮದುಮಗ ಹಿಂದೆ, ಅತ್ತೆಯಂದಿರ ನಡುವೆ ಬಾಸಿಂಗ ಸಂಭಾಳಿಸಿಕೊಂಡು ಕೂಡಬೇಕು. "ಮುಂದ ಕುಂತ್ರನ ಆವಾಜ್ ಬರಾಬರಿ ಕೇಳತೈತಿ" ಎಂಬುದು ಕಾಕಾನ ವಾದ.

ಆವಾಜ್ ಇಲ್ಲದ ಗಾಡಿಯನ್ನು ಅವರು ಈವರೆಗೆ ಹತ್ತಿಲ್ಲ. ಸೀಟಿನ ಪ್ಲಾಸ್ಟಿಕ್ ಹಾಳೆ ಇನ್ನೂ ತೆಗೆಯದ, ಮುಂದೆ ಕಟ್ಟಿದ ನಿಂಬೆಹಣ್ಣು ಇನ್ನೂ ಬಾಡದ ಕಾರಿನಲ್ಲೂ ಅರ್ಧ ಕಿಲೋಮೀಟರಿಗೆ ಕೈ ಎತ್ತುತ್ತಾರೆ: "ತಮ್ಮಾ, ಗುಂಯ್ ಅನ್ನಾಕತ್ತೈತಿ ನೋಡು." ಗದಗ–ವಾಡಿ ಮಾರ್ಗದಲ್ಲಿ 2025ರಲ್ಲಿ ಕುಷ್ಟಗಿಗೆ ಮೊದಲ ರೈಲು ಬಂದ ದಿನ ಜನ ಎಂಜಿನ್ನಿಗೆ ಹಾರ ಹಾಕಲು ನೂಕಾಡುತ್ತಿದ್ದರೆ, ಇವರು ಡಬ್ಬಿಯ ಕೆಳಗೆ ಬಗ್ಗಿ ಬೇರಿಂಗ ಎಲ್ಲಿದೆಯೆಂದು ಹುಡುಕುತ್ತಿದ್ದರು.

ಕಾಕಾನ ಶಾಸ್ತ್ರ ಸುಳ್ಳಲ್ಲ, ತೊಂದರೆ ಇರುವುದೇ ಅಲ್ಲಿ. ಪೂರಾ ಸುಳ್ಳಾಗಿದ್ದರೆ ನಕ್ಕು ಬಿಟ್ಟುಬಿಡಬಹುದಿತ್ತು. ಗಾಡಿ ನಿಂತಲ್ಲೇ ಎಕ್ಸಲೇಟರ್ ಒತ್ತಿದಾಗ ಗುಂಯ್ ಏರಿದರೆ ರೋಗ ಬಾನೆಟ್ಟಿನೊಳಗೆ: ಬೆಲ್ಟು, ಡೈನಮೋ, ಎ.ಸಿ.ಯ ಕಂಪ್ರೆಸರ್, ಹೀಗೆ. ಗಾಡಿ ಓಡಿದಾಗ ಮಾತ್ರ ಏರಿದರೆ ಗಾಲಿಯ ಕಡೆ ನೋಡಬೇಕು. ಸ್ಟೇರಿಂಗ ತಿರುಗಿಸಿದಾಗಷ್ಟೇ ಕುಂಯ್ ಅಂದರೆ ಅದರ ಆಯಿಲ್ ಕಡಿಮೆಯಾಗಿರಬಹುದು. ಡಾಂಬರಿನ ಮೇಲೊಂದು ದನಿ, ಸಿಸಿ ರಸ್ತೆಯ ಮೇಲೊಂದು ದನಿ ಬಂದರೆ ಟೈರು ಓರೆಕೋರೆ ಸವೆದಿರಬಹುದು. ಕಾಕಾನಿಗೆ ಇಷ್ಟೂ ಬಾಯಿಪಾಠ. ಪರೀಕ್ಷೆಯನ್ನೂ ಕ್ರಮವಾಗಿ ಮಾಡಿಸುತ್ತಾರೆ. ಆದರೆ ಪರೀಕ್ಷೆ ಮುಗಿಯುವ ಮುಂಚೆಯೇ ತೀರ್ಪು ಹೊರಬಿದ್ದಿರುತ್ತದೆ, ಮತ್ತು ಅದು ಬೇರಿಂಗ ಬಿಟ್ಟು ಬೇರೆ ಆಗಿದ್ದಿಲ್ಲ. ಒಮ್ಮೆ ಮಾತ್ರ ಸ್ಟೇರಿಂಗಿನ ಮೇಲೆ ಅನುಮಾನಪಟ್ಟು ಬಾನೆಟ್ ತೆಗೆಸಿ ಆಯಿಲ್ ಡಬ್ಬಿ ಹುಡುಕಿದರು. ಈಗಿನ ಬಹಳಷ್ಟು ಕಾರುಗಳ ಸ್ಟೇರಿಂಗ ಕರೆಂಟಿನ ಮೋಟಾರಿನ ಮೇಲೆ ನಡೆಯುತ್ತದೆ, ಅದಕ್ಕೆ ಆಯಿಲೇ ಬೇಡ ಎಂದು ಹೇಳಿದವನ ಮೇಲೆ ಸಿಟ್ಟಾಗಿ, ಡಬ್ಬಿಯನ್ನು ಯಾರೋ ಕದ್ದಿದ್ದಾರೆಂದೇ ಸಾಧಿಸಿದರು.

ನಮ್ಮ ಓಣಿಯ ಹುಡುಗನೊಬ್ಬ ಸೆಕೆಂಡ್ ಹ್ಯಾಂಡ್ ಕಾರು ತಂದ. ಐವತ್ತರ ವೇಗ ದಾಟಿದರೆ ಅದು ನಿಜವಾಗಿಯೂ ಗುಂಯ್ ಅನ್ನುತ್ತಿತ್ತು. ಹುಲಿಗೆಮ್ಮನ ದರ್ಶನಕ್ಕೆಂದು ಅದರಲ್ಲೇ ಹೊರಟೆವು. ಮುಂದೆ ಕಾಕಾ, ಹಿಂದೆ ಕಾಕು, ನಾನು, ಬುತ್ತಿಗಂಟು. ಊರು ದಾಟುವ ಮೊದಲೇ ಹಾಡು ಬಂದಾಯಿತು, ಎ.ಸಿ. ಬಂದಾಯಿತು, ಗ್ಲಾಸು ಇಳಿಯಿತು. ಕಾಕು ಚೀಲದಿಂದ ಚುರುಮುರಿ ತೆಗೆದರೆ, "ಕಟುಮ್ ಅನಸಬ್ಯಾಡ, ಕೇಳೂಣು ತಡಿ" ಎಂದು ಅದಕ್ಕೂ ತಡೆ.

"ತಮ್ಮಾ, ಗಾಡಿ ಎಡಕ್ಕ ವಾಲಸು. ಹಾಂ. ಈಗ ಬಲಕ್ಕ."

ಎಡಕ್ಕೆ ತಿರುಗಿದಾಗ ಭಾರ ಬಲಗಾಲಿಗಳ ಮೇಲೆ ಬೀಳುತ್ತದೆ. ಆಗ ಗುಂಯ್ ಜೋರಾದರೆ ಕೆಟ್ಟದ್ದು ಬಲಗಡೆಯ ಬೇರಿಂಗ. ಮಿಸ್ತ್ರಿಗಳೂ ಹೀಗೇ ನೋಡುತ್ತಾರೆ. ಆದರೆ ಅವರು ನೋಡುವುದು ಖಾಲಿ ರಸ್ತೆಯಲ್ಲಿ. ನಮ್ಮೆದುರಿಗೆ ರಸ್ತೆ ತುಂಬ ಹೊಟ್ಟು ಹೇರಿಕೊಂಡ ಟ್ರ್ಯಾಕ್ಟರ್ ಬರುತ್ತಿತ್ತು. ಹಿಂದಿನಿಂದ ಬಂದ ಬೈಕಿನವ ಕಿಟಕಿಗೆ ಸಮನಾಗಿ ಬಂದು, "ಯಾಕ್ರೀ ಯಜಮಾನ್ರ, ಮುಂಜಾನೆದ್ದು ಹಾಕ್ಕೊಂಡು ಹೊಂಟೀರೇನು?" ಎಂದ. "ಟೆಸ್ಟ್ ನಡಸೇವಿ!" ಎಂದು ಗದರಿದರು ಕಾಕಾ. ಕಾಕು ಅಷ್ಟೊತ್ತಿಗೆ ಹುಲಿಗೆಮ್ಮನಿಗೆ ಹೊಸ ಹರಕೆಯೊಂದನ್ನು ಹೊತ್ತಾಗಿತ್ತು.

ಕುಷ್ಟಗಿಯ ಗ್ಯಾರೇಜಿನಲ್ಲಿದ್ದವನು ಮೀಸೆ ಮೂಡುತ್ತಿರುವ ಹುಡುಗ. ಕಾಕಾ ಹೇಳಿದ್ದನ್ನೆಲ್ಲ ಹೂಂಗುಟ್ಟುತ್ತಲೇ ಜಾಕು ಕೊಟ್ಟು ಗಾಲಿ ಎತ್ತಿದ. ಒಂದು ಕೈಯಲ್ಲಿ ಗಾಲಿ ತಿರುವುತ್ತ ಇನ್ನೊಂದು ಅಂಗೈಯನ್ನು ಸ್ಪ್ರಿಂಗಿನ ಮೇಲಿಟ್ಟ. ಕಿವಿಗಿಂತ ಅಂಗೈ ಅವನಿಗೆ ಹೆಚ್ಚು ಹೇಳುತ್ತಿತ್ತೆಂದು ಕಾಣುತ್ತದೆ. ಬಲಗಡೆಯದನ್ನು ತಿರುವಿ, "ಇದು ಬೇರಿಂಗ ಹೋಗೈತ್ರೀ ಕಾಕಾರ" ಎಂದ.

ಕಾಕಾ ನಮ್ಮೆಲ್ಲರ ಮುಖ ನೋಡಿದರು. ಒಬ್ಬೊಬ್ಬರನ್ನೇ ನೋಡಿದರು, ಬುತ್ತಿಗಂಟನ್ನೂ ಬಿಡಲಿಲ್ಲ. ಆಮೇಲೆ ಅಪ್ಪಣೆ ಕೊಟ್ಟರು: "ಬಿಚ್ಚು, ತೊಳಿ, ಗ್ರೀಸ್ ತುಂಬು."

"ಗ್ರೀಸ್ ತುಂಬೋ ಕಾಲ ಹೋತ್ರಿ. ಇದು ಸೀಲ್ ಪ್ಯಾಕ್ ಐತಿ, ಬಿಚ್ಚಾಕ ಬರಂಗಿಲ್ಲ. ಹೋದ್ರ ಹೋತು, ಹೊಸಾದು ಹಾಕೂದು."

ಇದು ಮಾತ್ರ ಕಾಕಾನಿಗೆ ಗಂಟಲಲ್ಲಿ ಇಳಿಯಲಿಲ್ಲ. ಹಿಂದೆ ಮುಂಗಾಲಿಯ ಬೇರಿಂಗ ಬಿಚ್ಚಿ, ಸೀಮೆಎಣ್ಣೆಯಲ್ಲಿ ತೊಳೆದು, ಅಂಗೈತುಂಬ ಗ್ರೀಸ್ ಹಾಕಿ ಒತ್ತಿ ತುಂಬುತ್ತಿದ್ದ ಕಾಲದಲ್ಲಿ ಪಕ್ಕದಲ್ಲಿ ನಿಂತು ನೂರು ಮಾತು ಹೇಳಲು ಪುರುಸೊತ್ತಿರುತ್ತಿತ್ತು. ಈ ಹುಡುಗ ಹಳೆಯದನ್ನು ಪ್ರೆಸ್ಸಿಗೆ ಕೊಟ್ಟು ಒತ್ತಿ ತೆಗೆದ, ಹೊಸದನ್ನು ಒತ್ತಿ ಕೂಡಿಸಿದ, ಕೈ ಒರೆಸಿಕೊಂಡ. ಕಾಕಾ ಹಳೆಯ ಬೇರಿಂಗನ್ನು ಬಿಡಲಿಲ್ಲ. ಪೇಪರಿನಲ್ಲಿ ಸುತ್ತಿ ಅಂಗಿಯ ಬಗಲಕಿಸೆಗೆ ಇಳಿಬಿಟ್ಟರು. ಇನ್ನು ಹನುಮಸಾಗರದ ಚಹಾದಂಗಡಿಗಳಲ್ಲಿ ಅದು ಕೈಯಿಂದ ಕೈಗೆ ತಿರುಗಬೇಕು, ಪ್ರತಿಯೊಬ್ಬನೂ ಅದನ್ನು ಕಿವಿಯ ಹತ್ತಿರ ಹಿಡಿದು ತಿರುವಿ ತಲೆದೂಗಬೇಕು.

ಹೆದ್ದಾರಿ 50 ಸಿಕ್ಕ ಮೇಲೆ ನಮ್ಮ ಓಣಿಯ ಹುಡುಗ ಎಂಬತ್ತಕ್ಕೆ ಬಿಟ್ಟ. ಗುಂಯ್ ಇಲ್ಲ. ಕಾಕಾ ಎಡಕ್ಕೆ ವಾಲಿಸಲು ಹೇಳಿ ನೋಡಿದರು, ಇಲ್ಲ. ಡ್ಯಾಶ್‌ಬೋರ್ಡಿನ ಮೇಲೆ ಕಿವಿಯಿಟ್ಟರು, ಇಲ್ಲ. ಗ್ಲಾಸು ಏರಿಸಿದರು, ಇಳಿಸಿದರು, ಕಿಸೆ ಮುಟ್ಟಿನೋಡಿಕೊಂಡರು. ಮಾತೇ ಹೊರಡಲಿಲ್ಲ.

ಹಿಂದಿನಿಂದ ಕಾಕು ಚುರುಮುರಿ ಮುಕ್ಕುತ್ತ, "ಗಾಡಿ ಸುಮ್ಮನಾತು ನೋಡ್ರಿ, ಈಗ ನಿಮ್ಮ ಮಣಕಾಲಿನ ಆವಾಜ್ ಕೇಳಾಕತ್ತೈತಿ. ವರ್ಷಾತು, ಏಳೂಮುಂದ ಕಟಕಟ, ಕೂಡೂಮುಂದ ಕಟಕಟ. ಹೆಂಗೂ ಹೊಸಪೇಟಿ ಸಮೀಪ ಐತಿ, ಡಾಕ್ಟರಗ ತೋರಿಸೇ ಬಿಡೂಣು" ಎಂದರು.

ಕಾಕಾ ಹಿಂದಿರುಗಿ ನೋಡಲಿಲ್ಲ. "ಅದು ಸೀಲ್ ಪ್ಯಾಕ್ ಐತಿ, ಬಿಚ್ಚಾಕ ಬರಂಗಿಲ್ಲ" ಎಂದು, ಹುಡುಗನ ಕಡೆ ವಾಲಿದರು. "ತಮ್ಮಾ, ಹಾಡು ಹಚ್ಚಪಾ. ಇನ್ನಷ್ಟು ಜೋರ ಹಚ್ಚು."