ಫ್ರಾಸ್ಟ್ ಡೇಟೂ ಅವ್ವನ ಟಿಕೇಟೂ

ಚಿಕ್ಕರಸಿನಕೆರೆ ಎಂದು ಪೂರ್ತಿ ಹೇಳುವಷ್ಟು ಪುರಸೊತ್ತು ಮದ್ದೂರು ಸೀಮೆಯವರಿಗೆ ಇಲ್ಲ, ಸಿ.ಎ. ಕೆರೆ ಅಂದರೆ ಮುಗಿಯಿತು. ಹೆಸರಿನಲ್ಲಿ ಕೆರೆಯೇನೋ ಇದೆ, ಆದರೆ ಈ ಭಾಗದ ಗದ್ದೆ ಕಾಯುವುದು ವಿಶ್ವೇಶ್ವರಯ್ಯ ನಾಲೆಯನ್ನು. ನಾಲೆ ಕಾಯುವುದು ಕನ್ನಂಬಾಡಿ ಕಟ್ಟೆಯನ್ನು, ಕಟ್ಟೆ ಕಾಯುವುದು ಕೊಡಗಿನ ಮಳೆಯನ್ನು. ಹೀಗಾಗಿ ಇಲ್ಲಿ ಹುಟ್ಟಿದ ಮಗುವಿಗೆ ಎರಡರ ಮಗ್ಗಿಗಿಂತ ಮೊದಲೇ ಒಂದು ಸಂಖ್ಯೆ ಬಾಯಿಪಾಠ ಆಗಿರುತ್ತದೆ: 124.80. ಕಟ್ಟೆಯ ಗರಿಷ್ಠ ಮಟ್ಟ, ಅಡಿಗಳಲ್ಲಿ.

ಅಂಥ ಊರಿನ ಹುಡುಗ ಎಂಜಿನಿಯರಿಂಗ್ ಮುಗಿಸಿ ಶಿಕಾಗೋ ಸೇರಿದನೆಂದರೆ ಆ ಸಂಖ್ಯೆ ಬದಲಾಗಿ 32 ಆಗುತ್ತದೆ. ಇದು ಫ್ಯಾರನ್‌ಹೀಟ್ ಲೆಕ್ಕ. ನಮ್ಮ ಸೊನ್ನೆ ಡಿಗ್ರಿ. ಮೋಡವಿಲ್ಲದ, ಗಾಳಿಯಾಡದ ರಾತ್ರಿ ನೆಲದ ಕಾವೆಲ್ಲ ಆಕಾಶಕ್ಕೆ ಸೋರಿಹೋಗಿ, ಎಲೆಯ ಮೇಲೆ ಇಬ್ಬನಿ ಬದಲು ಹಿಮದ ಹರಳು ಕೂರುತ್ತದೆ. ಅಲ್ಲಿನವರ ಬಾಯಲ್ಲಿ ಇದೇ ಫ್ರಾಸ್ಟ್. ಎಲೆಯೊಳಗಿನ ನೀರೂ ಹೆಪ್ಪುಗಟ್ಟಿದರೆ ಕೋಶ ಒಡೆಯುತ್ತದೆ. ಬೆಳಿಗ್ಗೆ ನೋಡಿದರೆ ಟೊಮೆಟೊ ಗಿಡ ಬೇಯಿಸಿದ ಸೊಪ್ಪು. ಸಿ.ಎ. ಕೆರೆಯಲ್ಲಿ ಮಾಗಿಯ ಚಳಿ ಎಂದರೆ ಮಫ್ಲರ್ ಸುತ್ತಿ ಟೀ ಅಂಗಡಿ ಮುಂದೆ ನಿಲ್ಲುವುದು, ಅಷ್ಟೆ. ಅಲ್ಲಿನ ಬದನೆ ಗಿಡಕ್ಕೆ ಹುಳದ ಭಯವಿದೆ, ನೀರಿನ ಭಯವಿದೆ; ಹಿಮದ ಭಯವಂತೂ ಇಲ್ಲ.

ಶಿಕಾಗೋಗೂ ಒಂದು ಕೆರೆ ಇದೆ. ಮಿಷಿಗನ್ ಸರೋವರ ಸುಮಾರು 58,000 ಚದರ ಕಿಲೋಮೀಟರ್. ಕರ್ನಾಟಕದ ಕಾಲು ಭಾಗಕ್ಕಿಂತ ದೊಡ್ಡದು. ಏರಿಯಿಲ್ಲ, ತೂಬಿಲ್ಲ, ನೀರುಗಂಟಿಯಿಲ್ಲ. ಆದರೂ ಆ ನಗರದ ತರಕಾರಿ ಪಾತಿಯ ಯಜಮಾನ ಅದೇ. ಅಷ್ಟೊಂದು ನೀರು ಕಾಯುವುದೂ ನಿಧಾನ, ಆರುವುದೂ ನಿಧಾನ. ಹಾಗಾಗಿ ದಡದಲ್ಲಿ ವಸಂತ ತಡವಾಗಿ ಬೆಚ್ಚಗಾಗುತ್ತದೆ, ಶರತ್ಕಾಲ ತಡವಾಗಿ ತಣ್ಣಗಾಗುತ್ತದೆ. ಬೇಸಿಗೆ ಶುರುವಿನಲ್ಲಿ ಟಿವಿಯ ಹವಾಮಾನದವರು ‘ಕೆರೆ ಪಕ್ಕ ಇನ್ನೂ ತಂಪು’ ಎಂಬ ಮಾತನ್ನು ಮಂತ್ರದಂತೆ ಹೇಳುತ್ತಲೇ ಇರುತ್ತಾರೆ. ಅಕ್ಟೋಬರಿನಲ್ಲಿ ಅದೇ ಕೆರೆ ದಡದ ಗಿಡಗಳಿಗೆ ಇನ್ನೂ ಕೆಲವು ದಿನ ಆಯಸ್ಸು ಕೊಡುತ್ತದೆ.

ತೊಂದರೆ ಏನೆಂದರೆ, ನಮ್ಮವರು ಕೆರೆ ದಡದಲ್ಲಿ ಮನೆ ಮಾಡಿಲ್ಲ. ಹಿತ್ತಿಲು ಬೇಕು, ಮಕ್ಕಳಿಗೆ ಒಳ್ಳೆ ಶಾಲೆ ಬೇಕು ಎಂದು ಪಶ್ಚಿಮಕ್ಕೆ ನೇಪರ್‌ವಿಲ್, ಅರೋರಾ ಕಡೆ ಹೋಗಿದ್ದಾರೆ. ಅಷ್ಟು ದೂರಕ್ಕೆ ಸರೋವರದ ಕಾವು ಮುಟ್ಟುವುದಿಲ್ಲ. ಮದ್ದೂರು–ಮಳವಳ್ಳಿಯಲ್ಲಿ ನಾಲೆಯ ಕೊನೆ ಭಾಗದ ರೈತನಾಗಿ ನೀರು ಬರಲಿಲ್ಲವೆಂದು ಗೊಣಗಿದವನ ಮಗ, ಇಲಿನಾಯ್ ರಾಜ್ಯಕ್ಕೆ ಹೋಗಿಯೂ ಕೊನೆ ಭಾಗದ ರೈತನೇ ಆಗಿಬಿಟ್ಟ!

ಅಲ್ಲಿನ ಹೊರವಲಯದಲ್ಲಿ ಸರಾಸರಿ ಕೊನೆಯ ಫ್ರಾಸ್ಟ್ ಬೀಳುವುದು ಏಪ್ರಿಲ್ ಕೊನೆ, ಮೇ ಮೊದಲ ವಾರದ ಆಸುಪಾಸು. ಶರತ್ಕಾಲದ ಮೊದಲ ಫ್ರಾಸ್ಟ್ ಅಕ್ಟೋಬರ್ ನಡುವಿನ ಹೊತ್ತಿಗೆ ಬರುತ್ತದೆ. ಕಂಪ್ಯೂಟರ್ ಕೆಲಸದವನಿಗೆ ಇದು ಬಹಳ ಇಷ್ಟವಾಗುತ್ತದೆ. ತಾರೀಕು ಸಿಕ್ಕಿತು, ಎಕ್ಸೆಲ್ ಹಾಳೆಯಲ್ಲಿ ಬಣ್ಣ ತುಂಬಿ ಕೂರುತ್ತಾನೆ. ಸರಾಸರಿ ಅಂದರೇನು ಎಂಬುದು ಆಮೇಲೆ ತಿಳಿಯುತ್ತದೆ. 1991ರಿಂದ 2020ರವರೆಗಿನ 30 ವರ್ಷಗಳ ದಾಖಲೆ ಇಟ್ಟುಕೊಂಡು ತೆಗೆದ ನಡುಲೆಕ್ಕ ಅದು. ಸುಮಾರು ಅರ್ಧದಷ್ಟು ವರ್ಷ ಆ ತಾರೀಕು ದಾಟಿದ ಮೇಲೂ ಹಿಮ ಬೀಳುತ್ತದೆ. ಆದ್ದರಿಂದಲೇ ಅಲ್ಲಿನ ಹಳೆ ತೋಟಗಾರರು ಮೇ ನಡುಭಾಗದವರೆಗೆ ಟೊಮೆಟೊ ಸಸಿ ನೆಲಕ್ಕೆ ಇಳಿಸುವುದಿಲ್ಲ.

ಸರಾಸರಿ ನಂಬಿ ಕೆಟ್ಟವರ ಕಥೆ ಮಂಡ್ಯಕ್ಕೆ ಹೊಸದಲ್ಲ ಬಿಡಿ. ಕನ್ನಂಬಾಡಿ ಕಟ್ಟೆ 2023ರಲ್ಲಿ ತುಂಬಲೇ ಇಲ್ಲ. 2025ರಲ್ಲಿ ಜೂನ್ ತಿಂಗಳಲ್ಲೇ ತುಂಬಿ, 30ನೇ ತಾರೀಕು ಮುಖ್ಯಮಂತ್ರಿಗಳು ಬಂದು ಬಾಗಿನ ಬಿಟ್ಟರು. ಎರಡನ್ನೂ ಕೂಡಿಸಿ ಭಾಗಿಸಿದರೆ ಬರುವ ತಾರೀಕಿಗೆ ನಾಟಿ ಹಾಕುವ ರೈತ ಜಿಲ್ಲೆಯಲ್ಲಿ ಯಾರಿದ್ದಾನೆ?

ಏಪ್ರಿಲ್ ತಿಂಗಳ ಫೋನು ಹೀಗಿರುತ್ತದೆ:

“ಏನ್ಲಾ ಮಗಾ, ಭರಣಿ ಮಳೆ ಹುಯ್ತು. ನೀನು ಬೀಜ ಹಾಕ್ದಾ?”

“ಇಲ್ಲ ಕಣವ್ವ. ಇನ್ನೂ ಚಳಿ. ಮೇ 15 ಆಗ್ಲಿ.”

“ಅದ್ಯಾವ ಮಳೆಲಾ ಮೇ 15?”

ಅವ್ವನ ಪಂಚಾಂಗದಲ್ಲಿ ಅದು ಕೃತ್ತಿಕೆ. ಮಗನಿಗೆ ಮಾತ್ರ ಅದು ಮಳೆಯ ಲೆಕ್ಕವೇ ಅಲ್ಲ. ಕೊತ್ತಂಬರಿ, ಸಬ್ಬಸಿಗೆ, ಮೂಲಂಗಿ, ಪಾಲಕ್ ಸಣ್ಣ ಹಿಮಕ್ಕೆ ಜಗ್ಗುವುದಿಲ್ಲ, ಏಪ್ರಿಲಿನಲ್ಲೇ ಚೆಲ್ಲಬಹುದು. ಬದನೆ, ಮೆಣಸಿನಕಾಯಿ, ಬೆಂಡೆ, ಹೀರೆ, ಅವರೆಗೆ ಕಾದ ಮಣ್ಣೇ ಬೇಕು. ತಣ್ಣನೆ ಮಣ್ಣಿನಲ್ಲಿ ಬೀಜ ಮೊಳೆಯುವ ಬದಲು ಕೊಳೆಯುತ್ತದೆ. ಹಾಗಾಗಿ ಬದನೆ, ಮೆಣಸಿನ ಸಸಿ ಮಾರ್ಚಿನಲ್ಲೇ ನೆಲಮಾಳಿಗೆಯ ಟ್ಯೂಬ್‌ಲೈಟಿನ ಕೆಳಗೆ ಹುಟ್ಟುತ್ತವೆ. ಮೇ ಬಂದಾಗ ಅವನ್ನು ಒಂದೇ ಸಲ ಹೊರಗೆ ಇಡುವಂತಿಲ್ಲ. ಹಸುಗೂಸಿಗೆ ಎಳೆಬಿಸಿಲು ಕಾಯಿಸಿದ ಹಾಗೆ, ಮೊದಲ ದಿನ ಒಂದು ಗಂಟೆ, ಮರುದಿನ ಎರಡು ಗಂಟೆ, ಸಂಜೆಗೆ ವಾಪಸು ಒಳಗೆ. ಆಫೀಸಿನ ಮೀಟಿಂಗ್ ನಡುವೆ ‘ಒಂದು ನಿಮಿಷ’ ಎಂದು ಎದ್ದುಹೋಗುವವರಲ್ಲಿ ಎಷ್ಟೋ ಮಂದಿ ಹೋಗುವುದು ಬದನೆ ಸಸಿಯನ್ನು ನೆರಳಿಗೆ ಎಳೆಯಲು.

ಇದೇ ಕಾಲಕ್ಕೆ ಇನ್ನೊಂದು ನಾಟಿಯೂ ನಡೆಯುತ್ತದೆ. ಊರಿನಿಂದ ಅವ್ವ ಅಪ್ಪ ಬರುವುದು. ಪ್ರವಾಸಿ ವೀಸಾದಲ್ಲಿ ಬಂದವರಿಗೆ ಸಾಮಾನ್ಯವಾಗಿ 6 ತಿಂಗಳವರೆಗೆ ಇರಲು ಬಿಡುತ್ತಾರೆ. ಚಳಿಗಾಲ ಅವರಿಗೆ ಆಗಿಬರುವುದಿಲ್ಲ. ಹಾಗಾಗಿ ಕೊನೆಯ ಫ್ರಾಸ್ಟ್ ಕಳೆದ ಮೇಲೆ ಕರೆಸಿಕೊಂಡು, ಮೊದಲ ಫ್ರಾಸ್ಟ್ ಬೀಳುವ ಮುಂಚೆ ವಿಮಾನ ಹತ್ತಿಸುತ್ತಾರೆ. ಟೊಮೆಟೊ ಲೆಕ್ಕವೂ ಅದೇ, ತಂದೆತಾಯಿಯ ಲೆಕ್ಕವೂ ಅದೇ. ಆ 6 ತಿಂಗಳು ಹಿತ್ತಿಲಿಗೆ ಸುಖಕಾಲ. ಅಪ್ಪ ಬೆಳಿಗ್ಗೆ 5ಕ್ಕೆ ಎದ್ದು ಪೈಪು ಹಿಡಿಯುತ್ತಾನೆ, ಬೇಲಿಯಾಚೆಯ ಅಮೆರಿಕನ್ ಮುದುಕನಿಗೆ ಕನ್ನಡದಲ್ಲೇ ಗೊಬ್ಬರದ ಪಾಠ ಹೇಳುತ್ತಾನೆ, ಆ ಮುದುಕ ತಲೆಯಾಡಿಸುತ್ತಾನೆ.

ಆದರೆ ಅವರೆ ಇವರ್ಯಾರ ಮಾತಿಗೂ ಬಗ್ಗುವ ಗಿಡವಲ್ಲ. ಮಂಡ್ಯದಲ್ಲಿ ಅದನ್ನು ರಾಗಿ ಹೊಲದ ಅಕ್ಕಡಿ ಸಾಲಿನಲ್ಲಿ ಬಿತ್ತುತ್ತಾರೆ; ಮುಂಗಾರಿನಲ್ಲಿ ಹಾಕಿದರೂ ಹಗಲು ಗಿಡ್ಡವಾದ ಮೇಲೆಯೇ ಹೂ ಕಟ್ಟಿ ಮಾಗಿಗೆ ಕಾಯಿ ಬಿಡುತ್ತದೆ. ಊರಿನಲ್ಲಿ ವರ್ಷದ ಅತಿ ಉದ್ದದ ಹಗಲೂ 13 ಗಂಟೆ ಮುಟ್ಟುವುದಿಲ್ಲ. ಶಿಕಾಗೋದ ಜೂನ್ ಹಗಲು 15 ಗಂಟೆಗೂ ಮೇಲೆ. ನಾಟಿ ಅವರೆ ಅಲ್ಲಿ ಏನು ಮಾಡುತ್ತದೆ ಗೊತ್ತೆ? ಬರೇ ಬೆಳೆಯುತ್ತದೆ. ಬೇಲಿ ಹತ್ತುತ್ತದೆ, ಗ್ಯಾರೇಜು ಹತ್ತುತ್ತದೆ, ಒಂದು ಮೊಗ್ಗೂ ಇಲ್ಲ. ಅಲ್ಲಿ ಹಗಲು 12 ಗಂಟೆಗೆ ಇಳಿಯುವುದು ಸೆಪ್ಟೆಂಬರ್ ಕೊನೆಯ ವಾರ. ಆಗ ಗಡಿಬಿಡಿಯಿಂದ ಹೂ ಬಿಡುತ್ತದೆ. ಅವ್ವ ಹೂ ಎಣಿಸುತ್ತಾ, ಹಿತುಕಿದ ಬೇಳೆ ಸಾರಿಗೆ ಮುಹೂರ್ತ ಇಡುತ್ತಾಳೆ. ಕಾಯಿ ಬಲಿಯುವ ಮೊದಲೇ ಫ್ರಾಸ್ಟೂ ಬಂತು, ವಾಪಸ್ ಟಿಕೇಟೂ ಬಂತು.

ಹಿಮ ಬೀಳುವ ಸೂಚನೆ ಸಿಕ್ಕಿದ ಸಂಜೆ ಇಂಥ ಹಿತ್ತಿಲುಗಳನ್ನು ನೋಡಬೇಕು. ಬೀರುವಿನ ತಳದ ಹಳೆ ಪಂಚೆ, ಬಣ್ಣ ಹೋದ ಕಾಟನ್ ಸೀರೆ, ಜಮಖಾನ ಎಲ್ಲವೂ ಗಿಡದ ಮೈಮೇಲೆ. ಇದು ಹುಚ್ಚಾಟವಲ್ಲ, ಬಟ್ಟೆ ನೆಲ ಮುಟ್ಟುವಂತೆ ಹೊದಿಸಿದರೆ ಮಣ್ಣಿನ ಕಾವು ಒಳಗೇ ಉಳಿದು ಒಂದೆರಡು ಡಿಗ್ರಿ ಚಳಿ ತಡೆಯುತ್ತದೆ. ಮೊದಲೇ ಮಣ್ಣಿಗೆ ನೀರು ಹಾಯಿಸಿದ್ದರೆ ಇನ್ನೂ ಒಳ್ಳೆಯದು. ಕತ್ತಲಾಗುವ ಮುನ್ನ ಹೊದಿಸಬೇಕು, ಬಿಸಿಲೇರಿದ ಕೂಡಲೇ ತೆಗೆಯಬೇಕು. ಮೆಣಸಿನ ಗಿಡ ಇದರಿಂದ ಉಳಿದೀತು. ಗ್ಯಾರೇಜಿನ ಸೂರು ಹತ್ತಿದ ಅವರೆಗೆ ಪಂಚೆ ಉಡಿಸುವವರು ಯಾರು?

ತಮಾಷೆಯೆಂದರೆ ಅಮೆರಿಕದವರೂ ಅವರೆ ಬೆಳೆಸುತ್ತಾರೆ, ನೋಡುವುದಕ್ಕೆ! ಥಾಮಸ್ ಜೆಫರ್ಸನ್ನರ ಮಾಂಟಿಚೆಲ್ಲೊ ತೋಟದ ಚಪ್ಪರದ ಮೇಲೆ ಇವತ್ತಿಗೂ ನೇರಳೆ ಅವರೆ ಹಬ್ಬಿದೆ. ಬೀಜದ ಪೊಟ್ಟಣ ಮಾರುವವರು ಅದು ಅಲಂಕಾರದ ಬಳ್ಳಿ, ಒಣಗಿದ ಕಾಳು ಹಸಿಯಾಗಿ ತಿಂದರೆ ವಿಷ ಎಂದು ಎಚ್ಚರಿಸುತ್ತಾರೆ. ಮಾತು ನಿಜವೇ, ಚೆನ್ನಾಗಿ ಬೇಯಿಸಲೇಬೇಕು. ಆದರೆ ಮುದ್ದೆ ಜೊತೆಗೆ ಉಣ್ಣುವ ವಸ್ತುವನ್ನು ದಾರಂದದ ತೋರಣ ಮಾಡಿಕೊಂಡವರನ್ನು ಕಂಡರೆ ಸಿ.ಎ. ಕೆರೆಯ ಅವ್ವನಿಗೆ ಅಯ್ಯೋ ಅನ್ನಿಸುತ್ತದೆ.

ಗಿಡ್ಡ ಹಗಲಿಗೆ ಕಾಯುವ ಅವರೆಯ ಈ ಗಂಟು ಬಿಚ್ಚಿದ್ದು ಶಿಕಾಗೋದಲ್ಲಲ್ಲ, ಬೆಂಗಳೂರಿನಲ್ಲಿ. ಅಲ್ಲಿನ ಕೃಷಿ ವಿಶ್ವವಿದ್ಯಾನಿಲಯದವರು ಹಗಲಿನ ಉದ್ದಕ್ಕೆ ಕಾಯದ ಹೆಬ್ಬಾಳ ಅವರೆ-3, ಹೆಬ್ಬಾಳ ಅವರೆ-4 ತಳಿಗಳನ್ನು ಕೊಟ್ಟಿದ್ದಾರೆ. ಬಳ್ಳಿ ಹಬ್ಬುವುದಿಲ್ಲ, ಕುಳ್ಳ ಗಿಡ, ಬಿತ್ತಿ ಒಂದೂವರೆ ತಿಂಗಳಿಗೆ ಹೂ. ಮಾಗಿ ಅವರೆಯ ಸೊಗಡು ಇದಕ್ಕೆ ಬರುವುದಿಲ್ಲ ಎಂದು ಹಿರಿಯರು ಮೂಗು ಮುರಿದರೆ ಮುರಿಯಲಿ. 1974ರಲ್ಲಿ ಶಿಕಾಗೋದ ಡೆವಾನ್ ಅವೆನ್ಯೂದಲ್ಲಿ ಶುರುವಾದ ಪಟೇಲ್ ಬ್ರದರ್ಸ್‌ನಂಥ ಅಂಗಡಿಗಳ ಫ್ರೀಜರಿನಲ್ಲಿ ಕಲ್ಲಾಗಿ ಮಲಗಿರುವ ಸುರ್ತಿ ಅವರೆಕಾಳಿಗಿಂತ ಇದು ಎಷ್ಟೋ ವಾಸಿ. ಹಿತ್ತಿಲಿರುವವರು ಬೀಜ ತರಿಸುವಾಗ ಪರವಾನಗಿ ಮಾಡಿಸಿಕೊಳ್ಳಿ. ಸೀರೆ ಮಡಿಕೆಯಲ್ಲಿಟ್ಟು ತಂದದ್ದು ವಿಮಾನ ನಿಲ್ದಾಣದ ಕಸದ ಡಬ್ಬಿ ಸೇರುತ್ತದೆ. ಮೇ ಕೊನೆಯ ವಾರ ಬಿತ್ತಿ. ಅವ್ವನ ವಾಪಸ್ ಟಿಕೇಟನ್ನು ಮಾತ್ರ ಸೆಪ್ಟೆಂಬರಿಗಿಂತ ಮೊದಲಿನ ತಾರೀಕಿಗೆ ಬುಕ್ ಮಾಡಬೇಡಿ. ಕಾಳು ಹಿತುಕಲು ಕೈ ಬೇಕು.