ಏಳೆಪ್ಪತ್ತರ ಲೆಕ್ಕ

ಕ್ರೈಸ್ತ ಧರ್ಮದಲ್ಲಿ ಕ್ಷಮೆಯೆಂದರೆ ಅನ್ಯರ ತಪ್ಪನ್ನು ಸಾಲದಂತೆ ಮನ್ನಾ ಮಾಡುವುದು. ಇದಕ್ಕೊಂದು ಮಿತಿ ಬೇಡವೇ ಎಂಬ ಸಂಸಾರಸ್ಥರ ನಿತ್ಯದ ಸಂದೇಹವನ್ನು ಮತ್ತಾಯನ ಸುವಾರ್ತೆಯ 18ನೆಯ ಅಧ್ಯಾಯದಲ್ಲಿ ಶಿಷ್ಯನಾದ ಪೇತ್ರನೇ ಎತ್ತಿದ್ದಾನೆ. ಏಳು ಸಲ ಸಾಕೇ ಎಂದು ಚೌಕಾಸಿಗಿಳಿದ ಅವನಿಗೆ ಯೇಸು ಹೇಳಿದ್ದು ಏಳೆಪ್ಪತ್ತು ಸಲ, ಅಂದರೆ 490. ಕೆಲವು ಅನುವಾದಗಳಲ್ಲಿ ಇದು 77. ಹಾಸಿಗೆಯ ಮೇಲೆ ದಿನಕ್ಕೊಂದು ಒದ್ದೆ ಟವೆಲ್ ಎಸೆಯುವ ಪತಿರಾಯನು ದೊಡ್ಡ ಸಂಖ್ಯೆಯನ್ನೂ ಮದುವೆಯಾದ 16 ತಿಂಗಳಲ್ಲೇ ಮುಗಿಸಿಬಿಡುವನಾದ್ದರಿಂದ, ಅದು ಎಣಿಕೆಯನ್ನೇ ಬಿಡಲೆಂದು ಹೇಳಿದ ಮಾತೆಂಬ ವ್ಯಾಖ್ಯಾನವು ಗೃಹಶಾಂತಿಗೂ ಹಿತಕರ.

ಅಲ್ಲಿಯೇ ಬರುವ ಸಾಮ್ಯದಲ್ಲಿ, ಅಂದರೆ ನೀತಿ ಹೇಳುವ ಕಿರುಗತೆಯಲ್ಲಿ, ಸೇವಕನೊಬ್ಬನ 10,000 ತಲಾಂತು ಸಾಲವನ್ನು ಅರಸನು ಬಿಟ್ಟುಬಿಡುತ್ತಾನೆ. ಒಂದು ದೇನಾರಿ ಆಳಿನ ದಿನಗೂಲಿ, ಒಂದು ತಲಾಂತು ಸುಮಾರು 6,000 ದೇನಾರಿ ಎಂದರೆ, ಆ ಸಾಲ 6 ಕೋಟಿ ದಿನಗಳ ದುಡಿಮೆ! ಹೊರಬಂದವನೇ ಅವನು 100 ದೇನಾರಿಗಾಗಿ ಜೊತೆಗಾರನ ಕುತ್ತಿಗೆ ಹಿಡಿಯುತ್ತಾನೆ. ಮೇಲಧಿಕಾರಿಯಿಂದ ದೊಡ್ಡ ಪ್ರಮಾದಕ್ಕೆ ಮಾಫಿ ಪಡೆದು, ಮೇಜಿಗೆ ಮರಳಿದೊಡನೆ ಪೆನ್ನು ಹಿಂದಿರುಗಿಸದ ಸಹೋದ್ಯೋಗಿಯ ಮೇಲೆ ಹರಿಹಾಯುವ ನೌಕರನು ಈ ಸೇವಕನ ವಂಶಸ್ಥನೇ ಇರಬೇಕು.